ರೋಗಿಯ ಅಪನಂಬಿಕೆಗೆ ಕಾರಣವಿದೆ: ಅಮೆರಿಕದ ಕನ್ನಡಿಗ ವೈದ್ಯರಿಗೆ ಒಂದು ಬಹಿರಂಗ ಪತ್ರ

ಅಮೆರಿಕದ ಆಸ್ಪತ್ರೆಗಳಲ್ಲಿ, ವಿಶೇಷವಾಗಿ ಮನೋವೈದ್ಯಕೀಯ ವಿಭಾಗಗಳಲ್ಲಿ ಕೆಲಸ ಮಾಡುತ್ತಿರುವ ಕನ್ನಡಿಗ ವೈದ್ಯರಿಗೆ,

ಮಾನ್ಯರೇ,

ಮೈಸೂರು, ಹುಬ್ಬಳ್ಳಿ, ದಾವಣಗೆರೆ, ಬಳ್ಳಾರಿ, ಮಣಿಪಾಲದ ವೈದ್ಯಕೀಯ ಕಾಲೇಜುಗಳಲ್ಲಿ ಓದು ಮುಗಿಸಿ, ಇಲ್ಲಿನ ಪರೀಕ್ಷೆಗಳನ್ನು ಒಂದೊಂದಾಗಿ ದಾಟಿ, ಬಾಲ್ಟಿಮೋರ್, ಡೆಟ್ರಾಯಿಟ್, ಶಿಕಾಗೊ, ಕ್ಲೀವ್‌ಲ್ಯಾಂಡ್‌ನಂಥ ಊರುಗಳಲ್ಲಿ ರೆಸಿಡೆನ್ಸಿಗೆ (ಆಸ್ಪತ್ರೆಯಲ್ಲೇ ದುಡಿಯುತ್ತ ಪಡೆಯುವ ತರಬೇತಿಗೆ) ಸೇರುವ ನಿಮ್ಮಲ್ಲಿ ಅನೇಕರಿಗೆ ಮೊದಲ ಡ್ಯೂಟಿಯಿಂದಲೇ ಎದುರಾಗುವ ರೋಗಿಗಳಲ್ಲಿ ಹೆಚ್ಚಿನವರು ಕಪ್ಪು ಜನರು. ಅನುಕೂಲಸ್ಥ ಬಡಾವಣೆಗಳ ಆಸ್ಪತ್ರೆಗಳಲ್ಲಿ ವಿದೇಶದಲ್ಲಿ ಕಲಿತವರಿಗೆ ಸೀಟು ಸಿಗುವುದು ಕಷ್ಟ; ಹಳೆಯ ನಗರಗಳ ನಡುಭಾಗದ ಆಸ್ಪತ್ರೆಗಳಲ್ಲಿ, ಸರ್ಕಾರಿ ಮನೋರೋಗ ಆಸ್ಪತ್ರೆಗಳಲ್ಲಿ, ಜೈಲಿನ ಕ್ಲಿನಿಕ್ಕುಗಳಲ್ಲಿ ಜಾಗ ಖಾಲಿ ಇರುತ್ತದೆ. ಹೀಗಾಗಿ ಕಪ್ಪು ಅಮೆರಿಕನ್ನರ ಮನಸ್ಸಿನ ಕಾಯಿಲೆಗೆ ಹೆಸರಿಡುವ ಕೆಲಸದಲ್ಲಿ ಒಂದು ಗಣನೀಯ ಪಾಲು, ಯಾರೂ ಯೋಜನೆ ಹಾಕದೆಯೇ, ಭಾರತದಿಂದ ಬಂದವರ ಕೈಗೆ ಸೇರಿದೆ. ಬಾಲ್ಟಿಮೋರ್‌ನಲ್ಲಿ ಮನೋವೈದ್ಯಕೀಯ ಸಮಾಜಕಾರ್ಯಕರ್ತೆಯಾಗಿ ನಿಮ್ಮಂಥ ವೈದ್ಯರ ಪಕ್ಕದಲ್ಲಿ ಕೂತು ಕೆಲಸ ಮಾಡುತ್ತ ಬಂದವಳು ನಾನು. ಆ ಅನುಭವವನ್ನೂ ಈ ದೇಶದ ದಾಖಲೆಗಳಲ್ಲಿ ಇರುವುದನ್ನೂ ಆಧರಿಸಿ ಈ ಪತ್ರ ಬರೆಯುತ್ತಿದ್ದೇನೆ.

ಹೇಳಬೇಕಾದದ್ದು ಇಷ್ಟು. ಕಪ್ಪು ರೋಗಿ ವೈದ್ಯರನ್ನು ನಂಬದಿರುವುದನ್ನು ನಾವು ರೋಗದ ಲಕ್ಷಣವೆಂದು ಕೇಸ್ ಶೀಟಿನಲ್ಲಿ ಬರೆಯುತ್ತಿದ್ದೇವೆ. ಆ ಅಪನಂಬಿಕೆ ಅಜ್ಜ ಮುತ್ತಜ್ಜಂದಿರ ಅನುಭವದಿಂದ ಇಳಿದು ಬಂದದ್ದು, ಅದರ ಹಿಂದೆ ವೈದ್ಯಶಾಸ್ತ್ರವೇ ಮಾಡಿದ ಕೆಲಸಗಳಿವೆ, ಮತ್ತು ಅದನ್ನು ತಿಳಿಯದೆ ಮಾಡುವ ರೋಗನಿರ್ಣಯ ಎಷ್ಟೇ ಶ್ರದ್ಧೆಯದಾದರೂ ತಪ್ಪುವ ಸಂಭವ ಹೆಚ್ಚು.

‘ಇದು ಬಿಳಿಯರಿಗೂ ಕಪ್ಪು ಜನರಿಗೂ ನಡುವಿನ ಹಳೆಯ ವ್ಯವಹಾರ, ಇದರಲ್ಲಿ ನಮ್ಮದೇನಿದೆ’ ಎಂಬ ಮಾತನ್ನು ಊಟದ ಬಿಡುವಿನಲ್ಲಿ ಬಹಳ ಸಲ ಕೇಳಿದ್ದೇನೆ. ಅಮೆರಿಕನ್ ಸೈಕಿಯಾಟ್ರಿಕ್ ಅಸೋಸಿಯೇಷನ್ 2021ರ ಜನವರಿಯಲ್ಲಿ, ಅಮೆರಿಕನ್ ಸೈಕಲಾಜಿಕಲ್ ಅಸೋಸಿಯೇಷನ್ ಅದೇ ವರ್ಷದ ಅಕ್ಟೋಬರ್‌ನಲ್ಲಿ, ತಮ್ಮ ಶಾಸ್ತ್ರಗಳು ಜನಾಂಗೀಯ ತಾರತಮ್ಯಕ್ಕೆ ಒತ್ತಾಸೆಯಾಗಿ ನಿಂತದ್ದಕ್ಕಾಗಿ ಬಹಿರಂಗವಾಗಿ ಕ್ಷಮೆ ಕೇಳಿದವು. ಅದು ಇನ್ನೊಬ್ಬರ ಮನೆಯ ವಿಷಯವೆಂದು ಪುಟ ತಿರುವಿದವರು ನಮ್ಮಲ್ಲಿ ಕಡಿಮೆಯಿಲ್ಲ. ಆದರೆ ಕ್ಷಮೆ ಕೇಳಿದ ಆ ಮನೋವೈದ್ಯರ ಸಂಸ್ಥೆ ಪ್ರಕಟಿಸುವ ರೋಗನಿರ್ಣಯದ ಕೈಪಿಡಿಯನ್ನೇ (ಡಿಎಸ್‌ಎಂ) ಹಿಡಿದು ನಾವು ರೋಗಕ್ಕೆ ಹೆಸರಿಡುತ್ತೇವೆ. ಅದನ್ನು ಬಳಸುವ ಅಧಿಕಾರ ಪಡೆದವರಿಗೆ ಅದರ ಹಿಂದಿನ ಲೆಕ್ಕದ ಪರಿಚಯವೂ ಇರಬೇಕಾಗುತ್ತದೆ.

ಆ ಲೆಕ್ಕವನ್ನು 1840ರ ಜನಗಣತಿಯಿಂದ ಶುರು ಮಾಡಬಹುದು. ಅಮೆರಿಕದ ಜನಗಣತಿಯಲ್ಲಿ ಬುದ್ಧಿಭ್ರಮಣೆಯಾದವರನ್ನು ಎಣಿಸಿದ್ದು ಆಗಲೇ ಮೊದಲು. ಉತ್ತರದ ರಾಜ್ಯಗಳ ಸ್ವತಂತ್ರ ಕಪ್ಪು ಜನರಲ್ಲಿ ಹುಚ್ಚು ದಕ್ಷಿಣದ ಗುಲಾಮರಿಗಿಂತ ಹಲವು ಪಟ್ಟು ಹೆಚ್ಚೆಂದು ಅಂಕಿಗಳು ಹೇಳಿದವು. ಮ್ಯಾಸಚೂಸೆಟ್ಸ್‌ನ ವೈದ್ಯ ಎಡ್ವರ್ಡ್ ಜಾರ್ವಿಸ್ ಊರೂರಿನ ಪಟ್ಟಿ ತೆಗೆದು ನೋಡಿದಾಗ, ಒಬ್ಬ ಕಪ್ಪು ನಿವಾಸಿಯೂ ಇಲ್ಲದ ಊರುಗಳಲ್ಲಿ ಕಪ್ಪು ಹುಚ್ಚರನ್ನು ಎಣಿಸಿದ್ದು ಕಂಡುಬಂತು. ಆದರೂ ಆ ಅಂಕಿಗಳು ಚಲಾವಣೆಯಲ್ಲೇ ಉಳಿದವು. ಸ್ವಾತಂತ್ರ್ಯ ಕೊಟ್ಟರೆ ಕಪ್ಪು ಜನರ ತಲೆ ಕೆಡುತ್ತದೆ, ಗುಲಾಮಗಿರಿಯೇ ಅವರಿಗೆ ಕ್ಷೇಮ ಎಂದು ವಾದಿಸಲು ವಿದೇಶಾಂಗ ಕಾರ್ಯದರ್ಶಿಯಾಗಿದ್ದ ಜಾನ್ ಸಿ. ಕಾಲ್ಹೂನ್ 1844ರಲ್ಲಿ ಅವನ್ನೇ ಬಳಸಿದ. 1851ರಲ್ಲಿ ಲೂಸಿಯಾನದ ವೈದ್ಯ ಸ್ಯಾಮ್ಯುಯೆಲ್ ಕಾರ್ಟ್‌ರೈಟ್, ಯಜಮಾನನಿಂದ ತಪ್ಪಿಸಿಕೊಂಡು ಓಡುವ ಗುಲಾಮನಿಗೆ ‘ಡ್ರ್ಯಾಪಿಟೋಮೇನಿಯಾ’ ಎಂಬ ಕಾಯಿಲೆಯಿದೆಯೆಂದು ವೈದ್ಯಕೀಯ ಪತ್ರಿಕೆಯಲ್ಲಿ ಬರೆದ. ಆತ ಸೂಚಿಸಿದ ಮದ್ದಿನಲ್ಲಿ ಚಾಟಿಯೇಟೂ ಸೇರಿತ್ತು. ಕೆಲಸದಲ್ಲಿ ಉದಾಸೀನ ತೋರುವ ಗುಲಾಮನಿಗೂ ಆತನ ಬಳಿ ಬೇರೊಂದು ರೋಗದ ಹೆಸರಿತ್ತು. ತರಗತಿಗಳಲ್ಲಿ ಇವನ್ನು ತಮಾಷೆಯ ಸಂಗತಿಯಂತೆ ಹೇಳಿ ಮುಂದೆ ಹೋಗುವುದುಂಟು. ಅನ್ಯಾಯಕ್ಕೆ ಎದುರಾಡಿದವನನ್ನು ರೋಗಿಯೆಂದು ಕರೆಯುವ ಅಭ್ಯಾಸ ಕಾರ್ಟ್‌ರೈಟ್‌ನ ಜೊತೆ ಸತ್ತಿದ್ದರೆ ನಾನೂ ನಗುತ್ತಿದ್ದೆನೇನೋ.

ಬಾಲ್ಟಿಮೋರ್‌ನಿಂದ ಅನಾಪೊಲಿಸ್ ಕಡೆಗೆ ಹೋಗುವಾಗ ಕ್ರೌನ್ಸ್‌ವಿಲ್ ಎಂಬ ಜಾಗವಿದೆ. ಮೇರಿಲ್ಯಾಂಡ್ ರಾಜ್ಯ ಕಪ್ಪು ಮನೋರೋಗಿಗಳಿಗೆಂದೇ 1911ರಲ್ಲಿ ಅಲ್ಲಿ ಆಸ್ಪತ್ರೆ ತೆರೆಯಿತು. ಆಸ್ಪತ್ರೆಯನ್ನು ಕಟ್ಟಿದವರು ರೋಗಿಗಳೇ. ಮೊದಲು ಕರೆತಂದ ಹನ್ನೆರಡು ಮಂದಿಯನ್ನು ಕಾಡು ಕಡಿಯುವ, ಇಟ್ಟಿಗೆ ಹೊರುವ ಕೆಲಸಕ್ಕೆ ಹಚ್ಚಿದರು, ಆಮೇಲೆ ಬಂದವರು ಹೊಲದಲ್ಲಿ ದುಡಿದರು, ಬುಟ್ಟಿ ಹೆಣೆದರು. 1950ರ ದಶಕದಲ್ಲಿ ಅಲ್ಲಿ ಎರಡೂವರೆ ಸಾವಿರಕ್ಕೂ ಹೆಚ್ಚು ಜನರನ್ನು ತುಂಬಿದ್ದರು. ಪ್ರಯೋಗಾಲಯಗಳಲ್ಲಿ ಸಂಶೋಧನೆಗೆಂದು ಬೆಳೆಸುವ ಹೀಲಾ ಜೀವಕೋಶಗಳ ಬಗ್ಗೆ ಓದದೆ ನಿಮ್ಮಲ್ಲಿ ಯಾರೂ ಎಂ.ಬಿ.ಬಿ.ಎಸ್. ಮುಗಿಸಿರಲಾರಿರಿ, ಆ ಜೀವಕೋಶಗಳು ಯಾರ ದೇಹದಿಂದ ಬಂದವೋ ಆ ಹೆನ್ರಿಯೆಟಾ ಲ್ಯಾಕ್ಸ್ ಅವರ ಮಗಳು ಎಲ್ಸಿ ಈ ಆಸ್ಪತ್ರೆಯಲ್ಲೇ 1955ರಲ್ಲಿ, ಇನ್ನೂ ಹದಿವಯಸ್ಸಿನಲ್ಲಿ ತೀರಿಕೊಂಡಳು. ಆಸ್ಪತ್ರೆ ಮುಚ್ಚಿದ್ದು 2004ರಲ್ಲಿ. ಅದಕ್ಕೆ ಸೇರಿದ ಸ್ಮಶಾನದಲ್ಲಿ ಸಾವಿರಕ್ಕೂ ಹೆಚ್ಚು ರೋಗಿಗಳನ್ನು ಹೂಳಲಾಗಿದೆ, ಬಹುಪಾಲು ಗುರುತುಗಲ್ಲುಗಳ ಮೇಲೆ ಹೆಸರಿಲ್ಲ, ಬರೀ ನಂಬರು. ಹುಡುಗರು ಹಟ ಮಾಡಿದರೆ ‘ಕ್ರೌನ್ಸ್‌ವಿಲ್ಲಿಗೆ ಕಳಿಸಿಬಿಡುತ್ತೇನೆ’ ಎಂದು ಮನೆಯಲ್ಲಿ ಹೆದರಿಸುತ್ತಿದ್ದರೆಂದು ವಯಸ್ಸಾದ ರೋಗಿಗಳು ನನಗೆ ಹೇಳಿದ್ದಾರೆ. ಹಾಗೆ ಹೆದರಿಸಿಕೊಂಡು ಬೆಳೆದವರು ಇಂದು ನಿಮ್ಮ ಒಪಿಡಿಯಲ್ಲಿ ಮೊಮ್ಮಕ್ಕಳ ಕೈಹಿಡಿದು ಕೂತಿರುತ್ತಾರೆ.

ಟಸ್ಕೀಗಿಯ ಕಥೆ ನಿಮಗೆ ಗೊತ್ತು. 1932ರಿಂದ 1972ರವರೆಗೆ ಅಲಬಾಮಾದ ಮೇಕನ್ ಕೌಂಟಿಯಲ್ಲಿ 600 ಕಪ್ಪು ಗಂಡಸರನ್ನು ಸಿಫಿಲಿಸ್ ಅಧ್ಯಯನಕ್ಕೆ ಒಳಪಡಿಸಿ, ಪೆನಿಸಿಲಿನ್ ಬಂದ ಮೇಲೂ ರೋಗವಿದ್ದವರಿಗೆ ಕೊಡದೆ ನೋಡುತ್ತ ಕೂತರು. ನೈತಿಕತೆಯ ತರಗತಿಯಲ್ಲಿ ಎಲ್ಲರೂ ಇದನ್ನು ಓದುತ್ತಾರೆ, ಮತ್ತು ಕಪ್ಪು ಜನರ ಅಪನಂಬಿಕೆಗೆ ಇದೊಂದೇ ಕಾರಣವೆಂದು ಭಾವಿಸಿ ಸಮಾಧಾನಗೊಳ್ಳುತ್ತಾರೆ. ನನ್ನ ಅನುಭವದಲ್ಲಿ ರೋಗಿಗಳು ಟಸ್ಕೀಗಿಯ ಹೆಸರು ಎತ್ತುವುದು ಅಪರೂಪ. ಅವರು ಹೇಳುವುದು ಹೋದ ವರ್ಷ ಅಕ್ಕನಿಗೆ ಹೆರಿಗೆ ನೋವಿನ ಮಾತ್ರೆ ಕೊಡಲು ತಡ ಮಾಡಿದ ನರ್ಸಿನ ಬಗ್ಗೆ, ಹೋದ ತಿಂಗಳು ಕಣ್ಣೆತ್ತಿ ನೋಡದೆ ಮಾತ್ರೆ ಬರೆದುಕೊಟ್ಟ ವೈದ್ಯರ ಬಗ್ಗೆ. ಚರಿತ್ರೆ ಅವರಿಗೆ ಪುಸ್ತಕದಿಂದ ಬಂದದ್ದಲ್ಲ, ಹೊಸ ಅನುಭವಗಳು ಅದಕ್ಕೆ ನಿತ್ಯ ಸೇರ್ಪಡೆಯಾಗುತ್ತಿರುತ್ತವೆ.

ಮನೋವೈದ್ಯರ ಮಟ್ಟಿಗೆ ಇನ್ನೂ ಹತ್ತಿರದ ಕಾಲದ ಸಂಗತಿಯೊಂದಿದೆ. ನಾಗರಿಕ ಹಕ್ಕುಗಳ ಹೋರಾಟ ಕಾವೇರಿದ್ದ 1968ರಲ್ಲಿ ಆರ್ಕೈವ್ಸ್ ಆಫ್ ಜನರಲ್ ಸೈಕಿಯಾಟ್ರಿ ಪತ್ರಿಕೆಯಲ್ಲಿ ಇಬ್ಬರು ಮನೋವೈದ್ಯರು ಕಪ್ಪು ಗಂಡಸರ ಪ್ರತಿಭಟನೆಯ ಮಾತುಗಳನ್ನೇ ಒಂದು ಬಗೆಯ ಮನೋವಿಕಾರವೆಂದು ವರ್ಣಿಸಿದರು. 1974ರಲ್ಲಿ ಅದೇ ಪತ್ರಿಕೆಯಲ್ಲಿ ಬಂದ ಆಂಟಿಸೈಕೋಟಿಕ್ (ಭ್ರಮೆಗಳನ್ನು ತಗ್ಗಿಸುವ) ಔಷಧವೊಂದರ ಜಾಹೀರಾತಿನಲ್ಲಿ ಇದ್ದದ್ದು ಮುಷ್ಟಿ ಬಿಗಿದ, ಸಿಟ್ಟಿನ ಮುಖದ ಕಪ್ಪು ಮನುಷ್ಯನ ಚಿತ್ರ. ಅದಕ್ಕೆ ಮೊದಲು ಸ್ಕಿಜೋಫ್ರೇನಿಯಾ (ಭ್ರಮೆ, ಇಲ್ಲದ ದನಿ ಕೇಳಿಸುವಂಥ ಲಕ್ಷಣಗಳ ತೀವ್ರ ಮನೋರೋಗ) ಎಂದರೆ ಮಂಕಾಗಿ ಕೂತ ಬಿಳಿ ಗೃಹಿಣಿಯ ಚಿತ್ರ ಜನರ ಮನಸ್ಸಿಗೆ ಬರುತ್ತಿತ್ತು. ಕೆಲವೇ ವರ್ಷಗಳಲ್ಲಿ ಅದೇ ಹೆಸರು ಡೆಟ್ರಾಯಿಟ್‌ನಂಥ ನಗರಗಳ ಸಿಟ್ಟಿನ ಕಪ್ಪು ಗಂಡಸಿನ ಕಡೆಗೆ ಸರಿಯಿತು.

ಈಗಿನ ಅಂಕಿಗಳಿಗೆ ಬರುತ್ತೇನೆ. ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ 2018ರಲ್ಲಿ ಪ್ರಕಟವಾದ ವಿಶ್ಲೇಷಣೆಯ ಪ್ರಕಾರ ಸ್ಕಿಜೋಫ್ರೇನಿಯಾ ಎಂಬ ನಿರ್ಣಯ ಬಿಳಿಯರಿಗಿಂತ ಕಪ್ಪು ಅಮೆರಿಕನ್ನರಿಗೆ ಸುಮಾರು 2.4 ಪಟ್ಟು ಹೆಚ್ಚಾಗಿ ಸಿಗುತ್ತದೆ. ರಟ್ಗರ್ಸ್ ವಿಶ್ವವಿದ್ಯಾಲಯದ ಸಂಶೋಧಕರು 2019ರಲ್ಲಿ ತೋರಿಸಿದಂತೆ, ಸ್ಕಿಜೋಫ್ರೇನಿಯಾದ ಹಣೆಪಟ್ಟಿ ಹೊತ್ತವರನ್ನು ಮತ್ತೆ ಪರೀಕ್ಷಿಸಿದಾಗ ತೀವ್ರ ಖಿನ್ನತೆಯ ಲಕ್ಷಣಗಳು ಬಿಳಿಯರಿಗಿಂತ ಕಪ್ಪು ರೋಗಿಗಳಲ್ಲಿ ಹೆಚ್ಚಾಗಿ ಕಂಡವು; ಅಂದರೆ ಅವರ ದುಃಖ ನಮ್ಮ ಕಣ್ಣಿಗೆ ಬಿದ್ದಿರಲಿಲ್ಲ. ಇದರ ಪರಿಣಾಮ ಸಣ್ಣದಲ್ಲ. ಖಿನ್ನತೆಗೆ ಚಿಕಿತ್ಸೆ ಪಡೆಯಬೇಕಾದ ಮನುಷ್ಯ ಹಲವು ವರ್ಷ ಆಂಟಿಸೈಕೋಟಿಕ್ ನುಂಗಿ, ಮೈ ಭಾರವಾಗಿ, ಸಕ್ಕರೆ ಕಾಯಿಲೆ ತಂದುಕೊಂಡು, ಕೈ ನಡುಗುತ್ತ, ಕೆಲಸ ಕಳೆದುಕೊಂಡು, ಕೊನೆಗೂ ಮೂಲ ನೋವು ಹಾಗೆಯೇ ಉಳಿಸಿಕೊಂಡು ಬದುಕುತ್ತಾನೆ.

ಇದು ಹೇಗೆ ಆಗುತ್ತದೆಂಬುದನ್ನು ಒಂದು ನಿದರ್ಶನದಿಂದ ತೋರಿಸುತ್ತೇನೆ. ವಿವರಗಳನ್ನು ಬದಲಿಸಿದ್ದೇನೆ, ಹಲವರಲ್ಲಿ ಕಂಡದ್ದನ್ನು ಒಬ್ಬರಲ್ಲಿ ಕೂಡಿಸಿದ್ದೇನೆ. ಐವತ್ತರ ಆಸುಪಾಸಿನ ಬಸ್ ಚಾಲಕರೊಬ್ಬರು ತಾಯಿ ತೀರಿಕೊಂಡ ಮೇಲೆ ನಿದ್ದೆ ಬಿಟ್ಟಿದ್ದಾರೆ, ಊಟ ಬಿಟ್ಟಿದ್ದಾರೆ, ಕೆಲಸಕ್ಕೆ ಹೋಗಿಲ್ಲ. ಹೆದರಿದ ತಂಗಿ ಸಹಾಯಕ್ಕೆಂದು ಫೋನ್ ಮಾಡಿದರೆ ಬಾಗಿಲಿಗೆ ಬಂದವರು ಪೊಲೀಸರು. ಎಮರ್ಜೆನ್ಸಿಯಲ್ಲಿ ಅವರ ಬೆಲ್ಟು, ಷೂ ಲೇಸು, ಫೋನನ್ನು ಪ್ಲಾಸ್ಟಿಕ್ ಚೀಲಕ್ಕೆ ಹಾಕಿ ಒಯ್ದಿದ್ದಾರೆ; ಸೆಕ್ಯುರಿಟಿ ಗಾರ್ಡ್ ಬಾಗಿಲಿಗೆ ಅಡ್ಡ ನಿಂತಿದ್ದಾನೆ. ಅವರು ಗೋಡೆಗೆ ಬೆನ್ನು ಕೊಟ್ಟು, ಬಾಗಿಲು ಕಾಣುವಂತೆ ಕೂತಿದ್ದಾರೆ. ಒಳಗೆ ಬಂದ ಯುವ ವೈದ್ಯರು ಕಂಪ್ಯೂಟರಿನ ಪರದೆಯ ಮೇಲೆ ಕಣ್ಣಿಟ್ಟುಕೊಂಡೇ ಪಟ್ಟಿಯಲ್ಲಿರುವ ಪ್ರಶ್ನೆ ಕೇಳುತ್ತಾರೆ: ‘ಯಾರಾದರೂ ನಿಮ್ಮನ್ನು ಹಿಂಬಾಲಿಸುತ್ತಿದ್ದಾರೆ ಅನ್ನಿಸುತ್ತದೆಯೇ?’ ಅವರು ‘ಹೌದು, ಅಂಗಡಿಗೆ ಹೋದಾಗಲೆಲ್ಲ’ ಎನ್ನುತ್ತಾರೆ. ವೈದ್ಯರ ಬೆರಳುಗಳು ಟೈಪು ಮಾಡುತ್ತವೆ: ಸಂಶಯದ ಸ್ವಭಾವ, ಹಿಂಬಾಲಿಸುವ ಭ್ರಮೆ, ಸಹಕಾರವಿಲ್ಲ. ತಾಯಿಯ ಸಾವಿನ ವಿಷಯ ಶೀಟಿಗೆ ಸೇರಿದ್ದು ಮರುದಿನ, ತಂಗಿಯ ಜೊತೆ ನಾನು ಮಾತಾಡಿದ ಮೇಲೆ. ಅಷ್ಟರಲ್ಲಿ ರೋಗದ ಹೆಸರು ನಿಂತುಬಿಟ್ಟಿತ್ತು.

ಅಂಗಡಿಯಲ್ಲಿ ಗಾರ್ಡು ಹಿಂದೆ ಬರುವುದು ಈ ದೇಶದ ಕಪ್ಪು ಗಂಡಸರ ಪಾಲಿಗೆ ನಿತ್ಯದ ಸತ್ಯ. ಅದನ್ನು ಅಳೆಯಲು ಒಂದು ಪ್ರಶ್ನಾವಳಿಯೇ ಇದೆ. ಸಮಾಜವಿಜ್ಞಾನಿ ಡೇವಿಡ್ ವಿಲಿಯಮ್ಸ್ ಮತ್ತು ಸಂಗಡಿಗರು ಡೆಟ್ರಾಯಿಟ್‌ನಲ್ಲಿ ನಡೆಸಿದ ಸಮೀಕ್ಷೆಯಿಂದ ಹುಟ್ಟಿ 1997ರಲ್ಲಿ ಪ್ರಕಟವಾದ, ದಿನನಿತ್ಯದ ತಾರತಮ್ಯದ ಆ ಪಟ್ಟಿಯಲ್ಲಿ ಇರುವುದು ಬಹಳ ಸಾದಾ ಪ್ರಶ್ನೆಗಳು: ಜನ ನಿಮ್ಮೊಂದಿಗೆ ಕಡಿಮೆ ಮರ್ಯಾದೆಯಿಂದ ನಡೆದುಕೊಳ್ಳುತ್ತಾರೆಯೇ, ಹೋಟೆಲಿನಲ್ಲಿ ನಿಮಗೆ ಸರಿಯಾಗಿ ಬಡಿಸುವುದಿಲ್ಲವೇ, ನಿಮ್ಮನ್ನು ಕಂಡು ಹೆದರಿದವರಂತೆ ವರ್ತಿಸುತ್ತಾರೆಯೇ, ಮತ್ತು ಅದರ ವಿಸ್ತರಿಸಿದ ರೂಪದಲ್ಲಿ, ಅಂಗಡಿಗಳಲ್ಲಿ ನಿಮ್ಮನ್ನು ಹಿಂಬಾಲಿಸುತ್ತಾರೆಯೇ. ಒಂದು ಪಟ್ಟಿಯಲ್ಲಿ ಸಾಮಾಜಿಕ ಅನುಭವವೆಂದು ಎಣಿಸುವ ಉತ್ತರ ಇನ್ನೊಂದು ಪಟ್ಟಿಯಲ್ಲಿ ಭ್ರಮೆಯೆಂದು ದಾಖಲಾಗುತ್ತದೆ. ಯಾವ ಪಟ್ಟಿ ನಮ್ಮ ಕೈಯಲ್ಲಿದೆ ಎಂಬುದರ ಮೇಲೆ ಒಬ್ಬ ಮನುಷ್ಯನ ಮುಂದಿನ ಬದುಕು ನಿಂತಿರುತ್ತದೆ.

ಶೀಟಿನಲ್ಲಿ ಬರೆದದ್ದಕ್ಕೆ ಮುಂದೆ ಬಹಳ ಆಯುಸ್ಸು. ಶಿಕಾಗೊದ ಒಂದು ಆಸ್ಪತ್ರೆ ವ್ಯವಸ್ಥೆಯ ಹದಿನೆಂಟು ಸಾವಿರಕ್ಕೂ ಹೆಚ್ಚು ರೋಗಿಗಳ ದಾಖಲೆಗಳನ್ನು ಪರಿಶೀಲಿಸಿ 2022ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ‘ಸಹಕರಿಸುವುದಿಲ್ಲ’, ‘ಆಕ್ರಮಣಕಾರಿ’, ‘ಮಾತು ಕೇಳುವುದಿಲ್ಲ’ ಎಂಬಂಥ ಒಂದಾದರೂ ನಕಾರಾತ್ಮಕ ಪದ ಸೇರುವ ಸಂಭವ ಬಿಳಿಯರಿಗೆ ಹೋಲಿಸಿದರೆ ಕಪ್ಪು ರೋಗಿಗಳ ದಾಖಲೆಯಲ್ಲಿ ಎರಡೂವರೆ ಪಟ್ಟು ಹೆಚ್ಚಿತ್ತು. ಮುಂದಿನ ವೈದ್ಯರು ರೋಗಿಯನ್ನು ನೋಡುವ ಮೊದಲು ಈ ಪದಗಳನ್ನು ನೋಡುತ್ತಾರೆ. ಕಾಪಿ-ಪೇಸ್ಟ್ ಎಂಬ ಅನುಕೂಲ ಬಂದ ಮೇಲಂತೂ ರಾತ್ರಿ ಡ್ಯೂಟಿಯ ಆಯಾಸದಲ್ಲಿ ಒಬ್ಬರು ಬರೆದ ಒಂದು ವಾಕ್ಯ ಹತ್ತು ವರ್ಷ ರೋಗಿಯ ಬೆನ್ನು ಬಿಡುವುದಿಲ್ಲ.

ತಲೆಮಾರಿನಿಂದ ತಲೆಮಾರಿಗೆ ಆಘಾತ ಇಳಿಯುತ್ತದೆಂಬ ಮಾತು ಈಚೆಗೆ ಬಹಳ ಕೇಳಿಬರುತ್ತಿದೆ. ಕೇಳಿದ ಕೂಡಲೆ ನಮ್ಮವರ ಮಾತು ವಂಶವಾಹಿಗಳ ಕಡೆಗೆ ತಿರುಗುತ್ತದೆ. ನಾಜಿ ಶಿಬಿರಗಳಿಂದ ಬದುಕಿ ಬಂದವರ ಮಕ್ಕಳ ಬಗ್ಗೆ ಸಂಶೋಧಕಿ ರೇಚಲ್ ಯೆಹೂದಾ ಮತ್ತು ತಂಡ ನಡೆಸಿದ ಎಪಿಜೆನೆಟಿಕ್ಸ್ (ಅನುಭವದಿಂದ ವಂಶವಾಹಿಗಳ ಕೆಲಸ ಬದಲಾಗುವ ಬಗೆಯ) ಅಧ್ಯಯನ ಮುಖ್ಯವಾದದ್ದೇ, ಆದರೆ ಅದು ಕೆಲವೇ ಹತ್ತು ಮಂದಿಯ ಮೇಲೆ ನಡೆದದ್ದು. ಅದರ ಆಧಾರದ ಮೇಲೆ ಒಂದು ಇಡೀ ಜನಾಂಗದ ರಕ್ತದಲ್ಲೇ ನೋವು ಬರೆದಿದೆ ಎನ್ನುವುದು ಅವಸರದ ಮಾತು, ಅಪಾಯದ ಮಾತೂ ಹೌದು, ಏಕೆಂದರೆ ಕಪ್ಪು ಜನರ ದೇಹವೇ ಬೇರೆ ಎಂಬ ಹಳೆಯ ವಾದಕ್ಕೆ ಅದು ಹಿಂಬಾಗಿಲು ತೆರೆಯುತ್ತದೆ. ನಾನು ಕಂಡ ಮಟ್ಟಿಗೆ ಆಘಾತ ಇಳಿಯುವುದು ಮನೆಯ ಮಾತುಕತೆಯಲ್ಲಿ, ತಾಯಿಯ ಎಚ್ಚರಿಕೆಗಳಲ್ಲಿ, ಮನೆಯಲ್ಲಿ ಆಡದೆ ಬಿಟ್ಟ ವಿಷಯಗಳಲ್ಲಿ. ಮಗನಿಗೆ ಲೈಸೆನ್ಸ್ ಬರುವ ವಯಸ್ಸಾದಾಗ ಕಪ್ಪು ತಾಯಿ ಅವನನ್ನು ಕೂರಿಸಿಕೊಂಡು ಹೇಳುವ ಪಾಠವೊಂದಿದೆ: ಪೊಲೀಸರು ನಿಲ್ಲಿಸಿದರೆ ಎರಡೂ ಕೈ ಸ್ಟೀರಿಂಗ್ ಮೇಲಿರಲಿ, ಕಾಗದ ತೆಗೆಯುವ ಮೊದಲು ತೆಗೆಯುತ್ತೇನೆಂದು ಹೇಳು, ಬೈದರೆ ಎದುರು ಮಾತಾಡಬೇಡ, ಮನೆಗೆ ಜೀವಂತ ಬಾ. ಹದಿನಾರರ ಹುಡುಗನ ಒಳಗೆ ಆ ಪಾಠ ಮಾಡುವ ಕೆಲಸವನ್ನು ಯಾವ ವಂಶವಾಹಿಯೂ ಮಾಡಬೇಕಾಗಿಲ್ಲ.

ಇದಲ್ಲದೆ ನೆಲ, ಮನೆ, ಹಣದ ಮೂಲಕವೂ ಅದು ಇಳಿಯುತ್ತದೆ. ಕಪ್ಪು ಜನರು ಯಾವ ಬೀದಿಯಲ್ಲಿ ವಾಸಿಸಬಹುದೆಂದು ಕಾನೂನು ಮಾಡಿದ ಮೊದಲ ಅಮೆರಿಕನ್ ನಗರ ಬಾಲ್ಟಿಮೋರ್, ಅದು 1910ರಲ್ಲಿ. ಸುಪ್ರೀಂ ಕೋರ್ಟು 1917ರಲ್ಲಿ ಅಂಥ ಕಾನೂನುಗಳನ್ನು ರದ್ದು ಮಾಡಿತು, ಆದರೆ 1930ರ ದಶಕದಲ್ಲಿ ಕೇಂದ್ರ ಸರ್ಕಾರದ್ದೇ ಸಂಸ್ಥೆ ಕಪ್ಪು ಬಡಾವಣೆಗಳಿಗೆ ನಕ್ಷೆಯಲ್ಲಿ ಕೆಂಪು ಬಣ್ಣ ಬಳಿದು ಸಾಲಕ್ಕೆ ಅಪಾಯದ ಜಾಗವೆಂದು ಗುರುತಿಸಿತು. ಮನೆ ಕೊಳ್ಳುವಾಗ ನಮ್ಮ ಗೆಳೆಯರು ‘ಆ ಕಡೆ ತಗೋಬೇಡಿ, ಏರಿಯಾ ಸರಿಯಿಲ್ಲ’ ಎಂದು ಸಲಹೆ ಕೊಡುವಾಗ ಬೆರಳು ತೋರಿಸುವುದು ಬಹುಪಾಲು ಅದೇ ಕೆಂಪು ಜಾಗಗಳ ಕಡೆಗೆ.

ಇಷ್ಟು ಒತ್ತಡ ದೇಹವನ್ನೂ ಸವೆಸುತ್ತದೆ. ಮಿಶಿಗನ್‌ನ ಸಂಶೋಧಕಿ ಆರ್ಲೀನ್ ಜೆರೋನಿಮಸ್ 1992ರಲ್ಲಿ ಮುಂದಿಟ್ಟ ವಾದದ ಪ್ರಕಾರ, ನಿರಂತರ ಎಚ್ಚರದಲ್ಲಿ ಬದುಕುವ ಕಪ್ಪು ಹೆಂಗಸರ ಆರೋಗ್ಯ ಬಿಳಿ ಹೆಂಗಸರಿಗಿಂತ ಬೇಗ ಇಳಿಮುಖವಾಗುತ್ತದೆ. ಮನಸ್ಸಿನ ವಿಚಾರದಲ್ಲಿ ಚಿತ್ರ ಇನ್ನಷ್ಟು ಸೂಕ್ಷ್ಮ. 2007ರಲ್ಲಿ ಪ್ರಕಟವಾದ ರಾಷ್ಟ್ರಮಟ್ಟದ ಸಮೀಕ್ಷೆಯೊಂದರಲ್ಲಿ, ಬದುಕಿನಲ್ಲಿ ಒಮ್ಮೆಯಾದರೂ ತೀವ್ರ ಖಿನ್ನತೆಗೆ ಒಳಗಾದವರ ಪ್ರಮಾಣ ಬಿಳಿಯರಲ್ಲಿ ಶೇ. 17.9, ಆಫ್ರಿಕನ್ ಅಮೆರಿಕನ್ನರಲ್ಲಿ ಶೇ. 10.4. ಇದನ್ನು ನೋಡಿ ಕಪ್ಪು ಜನ ಗಟ್ಟಿಗರು ಎಂದು ಹೊಗಳಿ ಕೈತೊಳೆದುಕೊಳ್ಳುವವರಿದ್ದಾರೆ. ಆದರೆ ಖಿನ್ನತೆ ಬಂದವರಲ್ಲಿ ಅದು ದೀರ್ಘಕಾಲ ಉಳಿದುಕೊಂಡ ಪ್ರಮಾಣ ಬಿಳಿಯರಲ್ಲಿ ಶೇ. 38.6 ಇದ್ದರೆ ಆಫ್ರಿಕನ್ ಅಮೆರಿಕನ್ನರಲ್ಲಿ ಶೇ. 56.5, ಮತ್ತು ಅವರಲ್ಲಿ ಅರ್ಧಕ್ಕಿಂತ ಕಡಿಮೆ ಜನರಿಗೆ ಮಾತ್ರ ಚಿಕಿತ್ಸೆ ಸಿಕ್ಕಿತ್ತು. ಚರ್ಚು, ಕುಟುಂಬ, ಹಾಡು, ನೆರೆಹೊರೆ ಎಲ್ಲವೂ ಸೇರಿ ಜನರನ್ನು ಕಾಯಿಲೆ ಬೀಳದಂತೆ ಎತ್ತಿ ಹಿಡಿಯುತ್ತವೆ. ಬಿದ್ದವರನ್ನು ಮೇಲೆತ್ತುವ ಕೆಲಸ ನಮ್ಮದಿತ್ತು, ಅದು ಆಗಿಲ್ಲ. ಎಳೆಯರಲ್ಲಿ ಆ ಕಾಪೂ ಸಡಿಲಾಗುತ್ತಿದೆ: 2018ರಿಂದ 2021ರ ನಡುವೆ 10ರಿಂದ 24 ವರ್ಷದ ಕಪ್ಪು ಯುವಜನರಲ್ಲಿ ಆತ್ಮಹತ್ಯೆಯ ದರ ಶೇ. 36ಕ್ಕೂ ಹೆಚ್ಚು ಏರಿತು.

ವೀಸಾ ವಿನಾಯಿತಿಗಾಗಿ ವೈದ್ಯರ ಕೊರತೆಯಿರುವ ದೂರದ ಪ್ರದೇಶಗಳಿಗೆ ಹೋಗಿ, ಮೂಲನಿವಾಸಿಗಳ ನಡುವೆ ಕೆಲಸ ಮಾಡುವವರಿಗೂ ಈ ಮಾತುಗಳು ಅನ್ವಯಿಸುತ್ತವೆ. 1879ರಲ್ಲಿ ಪೆನ್ಸಿಲ್ವೇನಿಯಾದ ಕಾರ್ಲೈಲ್‌ನಲ್ಲಿ ಶುರುವಾದ ಮಾದರಿಯ ವಸತಿಶಾಲೆಗಳು ಮಕ್ಕಳನ್ನು ತಂದೆತಾಯಿಯಿಂದ ಕಿತ್ತು, ಕೂದಲು ಕತ್ತರಿಸಿ, ಮನೆಮಾತು ಆಡಿದರೆ ಹೊಡೆದು ಬೆಳೆಸಿದವು. ಅಂಥ ಶಾಲೆಗಳಲ್ಲಿ ಕನಿಷ್ಠ 973 ಮಕ್ಕಳು ಸತ್ತರೆಂದು ಸರ್ಕಾರದ ತನಿಖಾ ವರದಿಯೇ 2024ರಲ್ಲಿ ಹೇಳಿತು, ಅದೇ ವರ್ಷದ ಅಕ್ಟೋಬರ್‌ನಲ್ಲಿ ಅಧ್ಯಕ್ಷರು ಕ್ಷಮೆ ಕೇಳಿದರು. ಪೋಷಣೆ ಕಾಣದೆ ಬೆಳೆದವರು ಪೋಷಕರಾದಾಗ ಏನಾಗುತ್ತದೆಂಬುದನ್ನು ಲಕೋಟಾ ಸಮುದಾಯದ ಮರಿಯಾ ಯೆಲ್ಲೋ ಹಾರ್ಸ್ ಬ್ರೇವ್ ಹಾರ್ಟ್ ತಮ್ಮ ಜನರ ನಡುವೆಯೇ ಕೂತು ವಿವರಿಸಿದ್ದಾರೆ.

ನಮ್ಮ ಪಾಲಿನ ಮಾತಿಗೆ ಬರೋಣ. ಭಾರತದ ವೈದ್ಯರಿಗೆ ಈ ದೇಶದ ಬಾಗಿಲು ತೆರೆದ 1965ರ ವಲಸೆ ಕಾಯ್ದೆ, ಕಪ್ಪು ಜನರು ಬೀದಿಯಲ್ಲಿ ಏಟು ತಿಂದು ಗೆದ್ದ ಹೋರಾಟದ ಕಾಲದಲ್ಲಿ, ಅದೇ ಹೋರಾಟದ ಬಲದಿಂದ ಬಂದದ್ದು. ಮೆಡಿಕೇರ್ (ವಯಸ್ಸಾದವರ ಸರ್ಕಾರಿ ಆರೋಗ್ಯ ವಿಮೆ) ಹಣ ಬೇಕಾದರೆ ವಾರ್ಡುಗಳಲ್ಲಿ ಬಣ್ಣದ ಭೇದ ಬಿಡಬೇಕೆಂದು ಸರ್ಕಾರ ಹೇಳಿದ ಮೇಲೆಯೇ, 1966ರಲ್ಲಿ, ದಕ್ಷಿಣದ ಬಹಳಷ್ಟು ಆಸ್ಪತ್ರೆಗಳು ಕಪ್ಪು ರೋಗಿಗಳಿಗೆ ಸಮಾನವಾಗಿ ತೆರೆದುಕೊಂಡವು. ಅವೇ ವರ್ಷಗಳಲ್ಲಿ ನಮ್ಮ ಹಿರಿಯ ವೈದ್ಯರ ಮೊದಲ ತಂಡ ಇಲ್ಲಿ ಇಳಿಯಿತು. ಹಾಗಿರುವಾಗ ಈ ವ್ಯವಹಾರಕ್ಕೂ ನಮಗೂ ಸಂಬಂಧವಿಲ್ಲ ಎನ್ನುವುದು ಸಾಲ ಮರೆತವರ ಮಾತು.

ಬಣ್ಣ ನೋಡಿ ಮನುಷ್ಯನನ್ನು ಅಳೆಯುವುದನ್ನು ನಾವು ಇಲ್ಲಿಗೆ ಬಂದು ಕಲಿಯಬೇಕಾಗಿರಲಿಲ್ಲ, ಹುಟ್ಟಿದ ಮನೆ ನೋಡಿ ಅಳೆಯುವುದನ್ನಂತೂ ಊರಿನಿಂದಲೇ ಕಟ್ಟಿಕೊಂಡು ಬಂದಿದ್ದೇವೆ. ಹುಬ್ಬಳ್ಳಿಯಲ್ಲಿ ಕಲಿತವರು ಯಲ್ಲಾಪುರ, ಹಳಿಯಾಳ, ಮುಂಡಗೋಡ ಕಡೆಯ, ಆಫ್ರಿಕಾ ಮೂಲದ ಸಿದ್ದಿ ರೋಗಿಗಳನ್ನು ಕಂಡಿರುತ್ತೀರಿ. ಕನ್ನಡ ಬಲ್ಲ ಅವರನ್ನು ‘ನೀವು ಯಾವ ದೇಶದವರು’ ಎಂದು ಕೇಳಿದ ಹೌಸ್ ಸರ್ಜನ್ನುಗಳೂ ಇದ್ದಾರೆ. 2016ರಲ್ಲಿ ಹೆಸರಘಟ್ಟ ರಸ್ತೆಯಲ್ಲಿ ಟಾಂಜಾನಿಯಾದ ವಿದ್ಯಾರ್ಥಿನಿಯ ಮೇಲೆ ಗುಂಪು ಕೈಮಾಡಿದ್ದು ಬೆಂಗಳೂರಿನಲ್ಲೇ. ಅಂಬೇಡ್ಕರ್ 1946ರಲ್ಲಿ ಕಪ್ಪು ಚಿಂತಕ ಡು ಬಾಯ್ಸ್ ಅವರಿಗೆ ಪತ್ರ ಬರೆದು, ಅಮೆರಿಕದ ಕಪ್ಪು ಜನರ ಸ್ಥಿತಿಗೂ ಅಸ್ಪೃಶ್ಯರ ಸ್ಥಿತಿಗೂ ಇರುವ ಹೋಲಿಕೆಯನ್ನು ಪ್ರಸ್ತಾಪಿಸಿದರು. ನಿಮ್ಮಲ್ಲಿ ಜಾತಿಯನ್ನು ಕೆಳಗಿನಿಂದ ಕಂಡವರಿಗೆ, ಅಡ್ಡಹೆಸರು ಹೇಳುವ ಮುನ್ನ ಒಂದು ಕ್ಷಣ ಯೋಚಿಸುವವರಿಗೆ ಈ ಪತ್ರದ ಬಹುಪಾಲು ಹೊಸದಲ್ಲ. ರೋಗಿ ಗೋಡೆಗೆ ಬೆನ್ನು ಕೊಟ್ಟು ಕೂತದ್ದು ಏಕೆಂದು ನಿಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. ನನ್ನ ಮಾತು ಹೆಚ್ಚಾಗಿ ಜಾತಿಯನ್ನು ಮೇಲಿನಿಂದ ಕಂಡವರಿಗೆ.

ಕೇಳಿಕೊಳ್ಳುವುದು ದೊಡ್ಡ ಸಂಗತಿಗಳನ್ನಲ್ಲ. ಕಪ್ಪು ರೋಗಿಗೆ ಸ್ಕಿಜೋಫ್ರೇನಿಯಾ ಎಂದು ಬರೆಯುವ ಮೊದಲು ಖಿನ್ನತೆಯ ಪ್ರಶ್ನೆಗಳನ್ನು ಪೂರ್ತಿ ಕೇಳಿ, ಇತ್ತೀಚೆಗೆ ಮನೆಯಲ್ಲಿ ಯಾರು ತೀರಿಕೊಂಡರೆಂದು ಕೇಳಿ, ಮನೆಯವರೊಬ್ಬರ ಜೊತೆ ಮಾತಾಡುವವರೆಗೆ ಅಂತಿಮ ನಿರ್ಣಯವನ್ನು ತಡೆಹಿಡಿಯಿರಿ. ಹಿಂದಿನವರು ಬರೆದ ಹೆಸರನ್ನು ಪ್ರತಿಸಲ ಹೊಸದಾಗಿ ಪರೀಕ್ಷಿಸಿ. ‘ಸಂಶಯವಿದೆ’ ಎಂದು ಬರೆಯುವುದಾದರೆ ಯಾವ ವಿಷಯದಲ್ಲಿ, ಅದಕ್ಕೆ ರೋಗಿ ಕೊಟ್ಟ ಕಾರಣವೇನು ಎಂಬುದನ್ನು ಅವರದೇ ಮಾತಿನಲ್ಲಿ ದಾಖಲಿಸಿ. ‘ಮಾತ್ರೆ ತೆಗೆದುಕೊಳ್ಳುವುದಿಲ್ಲ’ ಎಂದು ಬರೆಯುವಾಗ ಮೊದಲ ಮಾತ್ರೆಯಿಂದ ಅವರಿಗೆ ಆದ ತೊಂದರೆಯನ್ನೂ ಬರೆಯಿರಿ. ರೋಗಿಯ ಹಿನ್ನೆಲೆಯನ್ನು ಅವರ ಕಣ್ಣಿನಿಂದ ಕೇಳುವ ಹದಿನಾರು ಪ್ರಶ್ನೆಗಳ ಸಂದರ್ಶನವೊಂದು ಡಿಎಸ್‌ಎಂ ಕೈಪಿಡಿಯ 2013ರ ಆವೃತ್ತಿಯಲ್ಲೇ ಅಚ್ಚಾಗಿದೆ. ಅದನ್ನು ಬಳಸಿದ ವೈದ್ಯರನ್ನು ನಾನು ಕಂಡದ್ದು ಬೆರಳೆಣಿಕೆಯಷ್ಟು. ಹದಿನಾರಕ್ಕೆ ಸಮಯವಿಲ್ಲದಿದ್ದರೆ ನಾಲ್ಕು ಕೇಳಿ. ಗಾರ್ಡನ್ನು ಬಾಗಿಲಿನಿಂದ ಆಚೆ ನಿಲ್ಲಿಸಬಹುದಾದಾಗ ನಿಲ್ಲಿಸಿ, ಕುರ್ಚಿ ಎಳೆದುಕೊಂಡು ಕೂತು ಮಾತಾಡಿ. ಬೇಕಿದ್ದರೆ ಆತ್ಮಹತ್ಯೆ ಮತ್ತು ಮಾನಸಿಕ ಸಂಕಟದ ಸಹಾಯವಾಣಿಯಾದ 988 ನಂಬರಿಗೆ ಹಗಲು ರಾತ್ರಿ ಕರೆ ಮಾಡಬಹುದೆಂದು ಮನೆಯವರಿಗೆ ತಿಳಿಸಿ. ಆದರೆ ಆ ಕರೆಯಿಂದ ಪೊಲೀಸರು ಮನೆಗೆ ಬರುತ್ತಾರೆಯೇ ಎಂದು ಅವರು ಕೇಳಿದರೆ ಹಾರಿಕೆಯ ಉತ್ತರ ಕೊಡಬೇಡಿ.

‘ರೋಗಿಯೊಬ್ಬರಿಗೆ ಹದಿನೈದು ನಿಮಿಷ ಕೊಟ್ಟಿರುವಾಗ ಇದೆಲ್ಲ ಎಲ್ಲಿ ಸಾಧ್ಯ’ ಎಂದು ನೀವು ಕೇಳುವುದು ನ್ಯಾಯವೇ. ವೀಸಾ ಕೈಯಲ್ಲಿ ಹಿಡಿದುಕೊಂಡಿರುವ ರೆಸಿಡೆಂಟ್ ಆಡಳಿತದ ಎದುರು ದನಿ ಎತ್ತುವುದು ಎಷ್ಟು ಕಷ್ಟವೆಂಬುದೂ ನನಗೆ ಗೊತ್ತು. ಆದ್ದರಿಂದಲೇ ಈ ಪತ್ರವನ್ನು ಕಿರಿಯರಿಗಿಂತ ಹೆಚ್ಚಾಗಿ, ವಿಭಾಗಗಳ ಮುಖ್ಯಸ್ಥರಾಗಿರುವ, ಹಸಿರು ಕಾರ್ಡು ದಾಟಿ ಪೌರತ್ವ ಪಡೆದಿರುವ ಹಿರಿಯರು ಓದಬೇಕೆಂದು ಬಯಸುತ್ತೇನೆ. ನಿಮ್ಮ ವಿಭಾಗದಲ್ಲಿ ಸ್ಕಿಜೋಫ್ರೇನಿಯಾದ ನಿರ್ಣಯ, ಕೈಕಾಲು ಕಟ್ಟಿಹಾಕಿದ ಪ್ರಕರಣ, ಬಲವಂತದ ಇಂಜೆಕ್ಷನ್ ಇವುಗಳ ಲೆಕ್ಕವನ್ನು ರೋಗಿಗಳ ವರ್ಣದ ಪ್ರಕಾರ ಬಿಡಿಸಿ ನೋಡಲು ನಿಮ್ಮ ಒಂದು ಸಹಿ ಸಾಕು. ಲೆಕ್ಕ ಸಮನಾಗಿ ಬಂದರೆ ಸಂತೋಷ, ಬರದಿದ್ದರೆ ಅದನ್ನು ವಿಭಾಗದ ಸಭೆಯಲ್ಲಿ ಓದಿಸಿ.

ಇನ್ನು ಕನ್ನಡ ಸಮ್ಮೇಳನಗಳ ಮಾತು. ಅಲ್ಲಿನ ವೈದ್ಯಕೀಯ ಗೋಷ್ಠಿಗಳಲ್ಲಿ ಹೃದಯ, ಮಧುಮೇಹ, ಯೋಗದ ಮೇಲೆ ಒಳ್ಳೆಯ ಉಪನ್ಯಾಸಗಳು ನಡೆಯುತ್ತವೆ. ಮಾನಸಿಕ ಆರೋಗ್ಯಕ್ಕೆ ಜಾಗ ಕೊಟ್ಟಾಗಲೂ ಮಾತು ನಮ್ಮ ಮಕ್ಕಳ ಪರೀಕ್ಷೆಯ ಒತ್ತಡದ ಸುತ್ತಲೇ ಮುಗಿಯುತ್ತದೆ. ಮುಂದಿನ ಸಮ್ಮೇಳನದಲ್ಲಿ ಈ ವಿಷಯಕ್ಕೆ ಒಂದು ಪೂರ್ತಿ ಗೋಷ್ಠಿ ಇಡಿ, ವೇದಿಕೆಯ ಮೇಲೆ ನಮ್ಮವರಷ್ಟೇ ಕೂತು ಮಾತಾಡುವ ಬದಲು ಕಪ್ಪು ಮನೋವೈದ್ಯರನ್ನು ಕರೆಯಿರಿ; 1969ರಿಂದಲೇ ಅವರದೊಂದು ಸಂಘಟನೆಯಿದೆ, ನಿತ್ಯದ ಸಣ್ಣ ಅವಮಾನಗಳು ಮನಸ್ಸಿಗೆ ಏನು ಮಾಡುತ್ತವೆಂದು 1970ರಲ್ಲೇ ವಿವರಿಸಿದ ಹಾರ್ವರ್ಡ್‌ನ ಚೆಸ್ಟರ್ ಪಿಯರ್ಸ್ ಅದರ ಮೊದಲ ಅಧ್ಯಕ್ಷರಾಗಿದ್ದರು. ಪ್ರಶ್ನೋತ್ತರಕ್ಕೆ ಹೆಚ್ಚು ಸಮಯ ಬಿಡಿ, ಮತ್ತು ಸನ್ಮಾನಗಳನ್ನು ಬೇರೆ ವೇಳೆಗೆ ಇಟ್ಟುಕೊಳ್ಳಿ.

ಇಂತಿ ನಿಮ್ಮ ವಿಶ್ವಾಸಿ,
ಬಾಲ್ಟಿಮೋರ್‌ನ ಒಬ್ಬ ಮನೋವೈದ್ಯಕೀಯ ಸಮಾಜಕಾರ್ಯಕರ್ತೆ